ಮಕ್ಕಳ ಅಳತೆಗೊಂದು ಸ್ಟೂಲು

ಅಕ್ಕನ ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಮನೆಯಲ್ಲಿರುವ ಕುರ್ಚಿ, ಮೇಜು, ಸಿಂಕು, ಸ್ವಿಚ್ಚು ಎಲ್ಲವೂ ದೊಡ್ಡವರ ಎತ್ತರಕ್ಕೇ ಇವೆ. ಕುರ್ಚಿಯಲ್ಲಿ ಕೂತರೆ ಮಕ್ಕಳ ಕಾಲು ಜೋತಾಡುತ್ತದೆ. ಕೈ ತೊಳೆಯಬೇಕಾದರೆ ಯಾರಾದರೂ ಎತ್ತಿ ಹಿಡಿಯಬೇಕು. ‘ನಾನೇ ಮಾಡ್ತೀನಿ’ ಅನ್ನುವ ವಯಸ್ಸಿನಲ್ಲಿ ಎಲ್ಲದಕ್ಕೂ ಇನ್ನೊಬ್ಬರನ್ನು ಕರೆಯಬೇಕೆಂದರೆ ಬೇಜಾರಾಗುತ್ತದೆ, ಅಲ್ವಾ? ಅದಕ್ಕೇ ಈ ರಜೆಯಲ್ಲಿ ಇಬ್ಬರಿಗೂ ಒಂದೊಂದು ಮರದ ಸ್ಟೂಲು ಮಾಡಿಕೊಡೋಣ ಅಂತ ಕೂತೆ.

"ಪ್ಲಾಸ್ಟಿಕ್ಕಿಂದು ರೆಡಿಯಾಗೇ ಸಿಗುತ್ತಲ್ಲೋ" ಅಂದಳು ಅಕ್ಕ. ಸಿಗುತ್ತದೆ, ನಿಜ. ಆದರೆ ನನಗೆ ಬೇಕಿದ್ದದ್ದು ಈ ಇಬ್ಬರ ಅಳತೆಯ ಸ್ಟೂಲು.

ಅಳೆಯಬೇಕಾದದ್ದು ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ. ಸ್ಟೂಲಿನ ಎತ್ತರ ಅಷ್ಟೇ ಇದ್ದರೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರುತ್ತದೆ, ತೊಡೆಯ ಕೆಳಗೆ ಹಲಗೆ ಒತ್ತುವುದಿಲ್ಲ. ಚಿಕ್ಕವನು ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. "ಅಲ್ಲಾಡ್ಬೇಡ್ವೋ, ಮಾಮ ಅಳೀತಿದಾರೆ" ಅಂತ ಅಕ್ಕನೇ ಅವನ ಭುಜ ಹಿಡಿದು ನಿಲ್ಲಿಸಿದಳು. ಅವನಿಗೆ 21 ಸೆಂಟಿಮೀಟರ್ ಬಂತು, ಅವಳಿಗೆ 27. ಯುರೋಪಿನ ಶಾಲಾ ಪೀಠೋಪಕರಣಗಳಿಗೆ ಇಎನ್ 1729 ಅಂತ ಒಂದು ಮಾನದಂಡವಿದೆ. ಅದರಲ್ಲಿ ತೀರಾ ಚಿಕ್ಕ ಕುರ್ಚಿಗಳ ಎತ್ತರ 22, 26, 31 ಸೆಂಟಿಮೀಟರ್. ನಮ್ಮ ಟೇಪು ಅದರ ಹತ್ತಿರವೇ ಹೇಳುತ್ತಿತ್ತು.

ಮಕ್ಕಳು ಸ್ಟೂಲಿನ ಮೇಲೆ ಕೂರುವುದು ಕಮ್ಮಿ. ಹತ್ತಿ ನಿಲ್ಲುತ್ತಾರೆ, ಎಳೆದಾಡುತ್ತಾರೆ, ಬೋರಲು ಹಾಕಿ ಬಸ್ಸು ಬಿಡುತ್ತಾರೆ. ಅದೂ ಹಲಗೆಯ ಮಧ್ಯದಲ್ಲಿ ನಿಲ್ಲುವುದಿಲ್ಲ, ತುದಿಯಲ್ಲೇ ನಿಂತು ಮುಂದಕ್ಕೆ ಬಗ್ಗುತ್ತಾರೆ. ಕಾಲುಗಳನ್ನು ನೆಟ್ಟಗೆ ಇಳಿಸಿದರೆ ಸ್ಟೂಲು ಅಲ್ಲೇ ಮಗುಚಿಕೊಳ್ಳುತ್ತದೆ. ಅದಕ್ಕೇ ಕಾಲುಗಳನ್ನು ಹೊರಕ್ಕೆ ಓರೆ ಮಾಡಿ, ಪಾದಗಳು ಹಲಗೆಯ ಅಂಚಿನ ನೇರಕ್ಕೆ, ಸಾಧ್ಯವಾದರೆ ಇನ್ನೂ ಸ್ವಲ್ಪ ಆಚೆಗೇ ಬರುವಂತೆ ನೋಡಿಕೊಂಡೆ. ಮೂರು ಕಾಲಿನ ಸ್ಟೂಲು ಎಂಥ ಅಂಕುಡೊಂಕು ನೆಲದ ಮೇಲೂ ಕುಂಟುವುದಿಲ್ಲ, ನೋಡುವುದಕ್ಕೂ ಚೆಂದ. ಆದರೆ ಎರಡು ಕಾಲಿನ ನಡುವಿನ ಅಂಚಿನಲ್ಲಿ ಭಾರ ಬಿದ್ದರೆ ಬೇಗ ವಾಲುತ್ತದೆ. ಹತ್ತಿ ನಿಲ್ಲುವ ಮಕ್ಕಳಿಗೆ ನಾಲ್ಕು ಕಾಲೇ ಸರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ತೂಕವೂ ಮುಖ್ಯ. ಮಗು ತಾನೇ ಹೊತ್ತುಕೊಂಡು ಹೋಗುವಂತಿದ್ದರೆ ಮಾತ್ರ ಅದು ಮಗುವಿನ ಸ್ಟೂಲು. ಎರಡೂವರೆ ಸೆಂಟಿಮೀಟರ್ ದಪ್ಪದ ತೇಗದ ಹಲಗೆಯಲ್ಲಿ 28 ಸೆಂಟಿಮೀಟರ್ ಉದ್ದ, 20 ಅಗಲ ಕತ್ತರಿಸಿದೆ. ಕಾಲು ಸೇರಿ ಒಂದೂವರೆ ಕಿಲೋ ಮೀರಬಾರದು ಅಂತ ಲೆಕ್ಕ. ಹಲಗೆ ಚೆನ್ನಾಗಿ ಒಣಗಿದ್ದು. ಹಸಿ ಮರವಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಗಾಳಿಯಲ್ಲಿ ಒಣಗಲು ಬಿಡಬೇಕು ಅನ್ನುವುದು ಬಡಗಿಗಳ ಹಳೆಯ ಲೆಕ್ಕ. ಕಾಲುಗಳಿಗೆ ಗಂಟಿಲ್ಲದ, ಎಳೆ, ಅಂದರೆ ಮರದ ನಾರಿನ ಗೆರೆ, ನೇರವಾಗಿ ಓಡುವ ತುಂಡುಗಳನ್ನು ಆರಿಸಿಕೊಂಡೆ. ಎಳೆ ಓರೆಯಾಗಿ ಹೊರಗೆ ಹೋಗಿದ್ದರೆ ಕಾಲು ಆ ಗೆರೆಗುಂಟವೇ ಸೀಳುತ್ತದೆ.

ತೂತು ಕೊರೆಯುವ ಕೆಲಸ ಬೇಗ ಮುಗಿಯಿತು. ಹತ್ತು ಹನ್ನೆರಡು ಡಿಗ್ರಿ ಓರೆಗೆ ಕತ್ತರಿಸಿದ ಮರದ ತುಂಡೊಂದನ್ನು ಪಕ್ಕಕ್ಕಿಟ್ಟುಕೊಂಡು, ಡ್ರಿಲ್ಲನ್ನು ಅದರ ಓರೆಗೇ ಹಿಡಿದು ಇಳಿಸಿದೆ. ಹಲಗೆಯ ಕೆಳಗೆ ಇನ್ನೊಂದು ಬೇಡದ ಹಲಗೆ ಕೊಟ್ಟಿದ್ದರೆ ತೂತು ಆಚೆ ಬರುವಾಗ ಅಂಚು ಕಿತ್ತು ಬರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಕೆಲಸ ಆಮೇಲಿನದು, ಬೆಣೆ ಹೊಡೆಯುವುದು. ಈ ಸ್ಟೂಲಿನಲ್ಲಿ ಮೊಳೆಯಿಲ್ಲ, ಸ್ಕ್ರೂ ಇಲ್ಲ. ಕಾಲಿನ ತುದಿಯನ್ನು ತೂತಿಗೆ ಬಿಗಿಯಾಗುವಷ್ಟು ಗುಂಡಗೆ ಕೆತ್ತಿ, ಅದರ ನೆತ್ತಿಯಲ್ಲಿ ಗರಗಸದಿಂದ ಒಂದು ಸೀಳು ಹಾಕುವುದು. ಅಂಟು ಸವರಿ, ಕೆಳಗಿನಿಂದ ತೂರಿಸಿ, ಮೇಲೆ ಇಣುಕಿದ ಸೀಳಿಗೆ ಗಟ್ಟಿ ಮರದ ತೆಳು ಬೆಣೆ ಇಟ್ಟು ಹೊಡೆಯುವುದು. ಕಾಲಿನ ತಲೆ ಅಗಲವಾಗಿ ತೂತಿನೊಳಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ದಿಕ್ಕು ನೋಡಲೇಬೇಕು. ಹಲಗೆಯ ಎಳೆ ಉದ್ದಕ್ಕೆ ಓಡುತ್ತಿದ್ದರೆ ಬೆಣೆ ಅದಕ್ಕೆ ಅಡ್ಡಲಾಗಿ ನಿಲ್ಲಬೇಕು. ಆಗ ಬೆಣೆಯ ಒತ್ತಡ ಎಳೆಯ ಉದ್ದಕ್ಕೆ ಬೀಳುತ್ತದೆ, ಆ ಕಡೆ ಮರಕ್ಕೆ ಬಲ ಜಾಸ್ತಿ. ಎಳೆಯ ಜೊತೆಗೇ ಬೆಣೆ ಇಟ್ಟರೆ ಸೌದೆ ಸೀಳಿದ ಹಾಗೆ ಹಲಗೆ ಎರಡು ಹೋಳಾಗುತ್ತದೆ.

ಕೊಡತಿಯಿಂದ ಹೊಡೆಯುತ್ತಿದ್ದರೆ ಮೊದಲು ಟೊಳ್ಳು ಸದ್ದು ಬರುತ್ತದೆ. ಬೆಣೆ ಇಳಿದಂತೆಲ್ಲ ಸದ್ದು ಗಟ್ಟಿಯಾಗುತ್ತ ಹೋಗುತ್ತದೆ. ತೂತಿನ ಸುತ್ತ ಅಂಟು ಸಣ್ಣ ಸಣ್ಣ ಮಣಿಗಳಾಗಿ ಮೇಲೆ ಉಕ್ಕುತ್ತದೆ. ಆಮೇಲೆ ಒಂದು ಏಟಿಗೆ ‘ಠಣ್’ ಅಂದರೆ ಕೈ ನಿಲ್ಲಿಸಬೇಕು. ದೊಡ್ಡವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಎರಡನೇ ಕಾಲಿಗೆ ಬರುವಷ್ಟರಲ್ಲಿ "ಸಾಕು ಮಾಮಾ, ಗಟ್ಟಿಯಾಯ್ತು" ಅಂತ ಅವಳೇ ಹೇಳಿದಳು. ಸರಿಯಾಗೇ ಹೇಳಿದ್ದಳು.

ಕಾಲಿನ ಮರ ಹಲಗೆಗಿಂತ ಒಂದು ಕೈ ಜಾಸ್ತಿಯೇ ಒಣಗಿದ್ದರೆ ಒಳ್ಳೆಯದು. ಆಮೇಲೆ ಗಾಳಿಯ ತೇವ ಹೀರಿಕೊಂಡು ಕಾಲು ಉಬ್ಬಿದಾಗ ಕೂಡು ಇನ್ನಷ್ಟು ಬಿಗಿಯಾಗುತ್ತದೆ. ಮರ ಕಡಿದು ಎಷ್ಟೇ ವರ್ಷವಾಗಿರಲಿ, ತೇವ ಬಂದಾಗ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚುಕಮ್ಮಿ ಇದ್ದ ಹಾಗೇ ಇರುತ್ತದೆ. ಇದು ತಿಳಿದ ಮೇಲೆ ಮರದ ಕೆಲಸದ ಅರ್ಧಕ್ಕರ್ಧ ನಿಯಮಗಳು ತಾವಾಗೇ ಅರ್ಥವಾದವು.

ಅಂಟು ಒಣಗಿದ ಮೇಲೆ ಕಾಲುಗಳನ್ನು ಸಮ ಮಾಡಿದೆ. ಸ್ಟೂಲನ್ನು ಸಪಾಟಾದ ಕಲ್ಲಿನ ಮೇಲಿಟ್ಟು, ಹಲಗೆಯ ನಾಲ್ಕೂ ಮೂಲೆ ಒಂದೇ ಎತ್ತರಕ್ಕೆ ಬರುವವರೆಗೆ ಕಾಲಿನಡಿ ಚಕ್ಕೆ ಕೊಟ್ಟೆ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ಕಟ್ಟಿ, ಅದನ್ನು ಕಲ್ಲಿನ ಮೇಲೆ ಜಾರಿಸುತ್ತ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದೆ. ಆ ಗೆರೆಗೆ ಸರಿಯಾಗಿ ಕತ್ತರಿಸಿದರೆ ಸ್ಟೂಲು ಕುಂಟುವುದಿಲ್ಲ. ಪಾದಗಳ ಅಂಚನ್ನೂ ಸ್ವಲ್ಪ ಕೆತ್ತಿ ಮೊಂಡು ಮಾಡಬೇಕು. ಚೂಪಾಗಿ ಬಿಟ್ಟರೆ ಎಳೆದಾಡುವಾಗ ಅಲ್ಲಿಂದಲೇ ಸಿಬಿರು ಏಳುತ್ತದೆ.

ಸಿಬಿರಿನ ವಿಷಯದಲ್ಲಿ ದೊಡ್ಡವರ ಅಂಗೈ ನಂಬುವ ಹಾಗಿಲ್ಲ. ನಮ್ಮ ಚರ್ಮ ದಪ್ಪ. 80ನೇ ನಂಬರಿನ ಒರಟು ಉಪ್ಪುಕಾಗದದಿಂದ ಶುರು ಮಾಡಿ, ಒಂದಕ್ಕಿಂತ ಒಂದು ನುಣುಪಾದ 120, 180, 220ರವರೆಗೆ ಉಜ್ಜಿದೆ. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮಲಗಿದ್ದ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ. ಅವನ್ನು ಮತ್ತೆ ಉಜ್ಜಿ ತೆಗೆಯಬೇಕು. ಕೊನೆಗೆ ಹತ್ತಿಯ ಉಂಡೆಯೊಂದನ್ನು ಮೈಯೆಲ್ಲ ಆಡಿಸಿದೆ. ಸಿಬಿರು ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ಸಿಕ್ಕ ಜಾಗಗಳನ್ನು ತೋರಿಸುವ ಕೆಲಸ ಇಬ್ಬರೂ ಮಕ್ಕಳದ್ದು. ಚಿಕ್ಕವನು ಸಿಕ್ಕದ ಜಾಗವನ್ನೂ ತೋರಿಸುತ್ತಿದ್ದ. ಅಲ್ಲೂ ಒಂದಿಷ್ಟು ಉಜ್ಜಿದೆ. ಮೂಲೆಗಳನ್ನು ಅರ್ಧ ಸೆಂಟಿಮೀಟರಿನಷ್ಟು ದುಂಡು ಮಾಡಿದೆ. ಬಿದ್ದರೆ ಹಣೆ ತಾಗುವುದು ಅಲ್ಲಿಗೇ ತಾನೆ.

ಮಕ್ಕಳ ಸಾಮಾನಿಗೆ ಏನು ಬಳಿಯುತ್ತೇವೆ ಅನ್ನುವುದು ಸಣ್ಣ ವಿಷಯವಲ್ಲ, ಎರಡು ವರ್ಷದವರು ಅದನ್ನು ಕಚ್ಚಿ ನೋಡುತ್ತಾರೆ. ನಾನು ಅಗಸೆ ಎಣ್ಣೆ, ಅದರ ಮೇಲೆ ಜೇನುಮೇಣ ಹಚ್ಚಿದೆ. ‘ಕುದಿಸಿದ ಅಗಸೆ ಎಣ್ಣೆ’ ಅಂತ ಬರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವುದುಂಟು. ಅದಕ್ಕೇ ಏನೂ ಬೆರೆಸದ ಎಣ್ಣೆಯನ್ನೇ ತಂದಿದ್ದೆ. ಅದು ಪೂರ್ತಿ ಒಣಗಲು ವಾರಗಟ್ಟಲೆ ಬೇಕು. ಕಾಯುವುದೇ ಕಷ್ಟ. "ಇವತ್ತು ಒಣಗಿತಾ?" ಅಂತ ದಿನಾ ಬೆಳಗ್ಗೆ ಮಕ್ಕಳ ಫೋನು. ಒಂದು ಮಾತು ಮಾತ್ರ ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ನಾನು ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿದೆ.

ಸ್ಟೂಲು ಕೈಗೆ ಬಂದ ದಿನ ಚಿಕ್ಕವನು ಕೂರಲೇ ಇಲ್ಲ. ಹೊತ್ತುಕೊಂಡು ಸೀದಾ ಸಿಂಕಿನ ಹತ್ತಿರ ಹೋಗಿ, ಹತ್ತಿ ನಿಂತು ನಲ್ಲಿ ತಿರುಗಿಸಿದ. ಅವನ ಅಂಗಿ ಪೂರ್ತಿ ಒದ್ದೆಯಾಗುವವರೆಗೂ ಯಾರೂ ಬೇಡ ಅನ್ನಲಿಲ್ಲ. ದೊಡ್ಡವಳು ತನ್ನದರ ಹಲಗೆಯ ಮೇಲೆ ಎದ್ದು ಕಾಣುವ ನಾಲ್ಕು ಬೆಣೆ ಗೆರೆಗಳನ್ನು ಬೆರಳಿಂದ ಮುಟ್ಟಿ ಅವರಪ್ಪನಿಗೆ ವಿವರಿಸುತ್ತಿದ್ದಳು: "ಇದು ಅಡ್ಡ ಇರ್ಬೇಕು, ಇಲ್ಲಾಂದ್ರೆ ಒಡೆಯುತ್ತೆ."

"ಎಷ್ಟು ದಿನ ಬರುತ್ತೋ ಇದು? ಬೆಳೆದುಬಿಡ್ತಾರಲ್ಲ" ಅಂದಳು ಅಕ್ಕ. ಕೂರುವುದಕ್ಕೆ ಒಂದೆರಡು ವರ್ಷ ಬರುತ್ತದೆ. ಹತ್ತಿ ನಿಲ್ಲುವುದಕ್ಕೆ ಮೇಲಿನ ಕಪಾಟು ಅವರ ಕೈಗೆ ತಾನಾಗೇ ಎಟುಕುವವರೆಗೂ ಬರುತ್ತದೆ ಅಂದೆ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚು, ಕಾಲು ಅಲ್ಲಾಡಿದರೆ ಹೇಳು ಅಂತಲೂ ಸೇರಿಸಿದೆ.