ಮೊಳೆ ಮತ್ತು ಹವಳ

ಇವತ್ತು ಸ್ಕೂಟರ್ ಟೈರಿಗೆ ಮೊಳೆ ಹೊಕ್ಕಿತ್ತು. "ಕೀಳದೆ ಬಂದಿದ್ದು ಒಳ್ಳೇದಾಯ್ತು ಸರ್, ಮೊಳೆನೇ ಗಾಳಿ ತಡೆದಿತ್ತು" ಅಂದರು ಪಂಕ್ಚರ್ ಅಂಗಡಿಯವರು.

ತಕ್ಷಣ ಆ ಹಡಗು ನೆನಪಾಯ್ತು. 1764ರಲ್ಲಿ ಇಂಗ್ಲೆಂಡಿನ ವಿಟ್‌ಬಿಯಲ್ಲಿ ಕಟ್ಟಿದ್ದು. ಹೆಸರು ಅರ್ಲ್ ಆಫ್ ಪೆಂಬ್ರೋಕ್, ಕೆಲಸ ಕಲ್ಲಿದ್ದಲು ಹೊರೋದು. 1768ರಲ್ಲಿ ನೌಕಾಪಡೆ ಕೊಂಡು ಎಂಡೆವರ್ ಅಂತ ಹೆಸರಿಟ್ಟು ನಾವಿಕ ಜೇಮ್ಸ್ ಕುಕ್ ಕೈಗೆ ಕೊಟ್ಟಿತು.

1770ರ ಜೂನ್. ರಾತ್ರಿ. ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದು ತಳ ತೂತಾಯ್ತು. ಆಮೇಲೆ ದಡಕ್ಕೆ ತಂದು ನೋಡಿದರೆ, ಹವಳದ ದೊಡ್ಡ ತುಂಡೊಂದು ಮುರಿದು ಅದೇ ತೂತಲ್ಲಿ ಸಿಕ್ಕಿಕೊಂಡಿತ್ತು! ತೂತು ಮಾಡಿದ್ದೇ ನೀರನ್ನೂ ತಡೆದಿತ್ತು, ಅಲ್ವಾ?

ಕೊನೆಗೆ ಲಾರ್ಡ್ ಸ್ಯಾಂಡ್‌ವಿಚ್ ಅನ್ನೋ ಹೆಸರಲ್ಲಿ ಸೈನಿಕರನ್ನು ಹೊತ್ತಿತು. 1778ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿ, ಫ್ರೆಂಚ್ ಹಡಗುಗಳ ದಾರಿಗೆ ಅಡ್ಡವಾಗಲಿ ಅಂತ ಬ್ರಿಟಿಷರೇ ಮುಳುಗಿಸಿದರು. ಅಷ್ಟು ದುಡಿದ ಹಡಗು. ನೆನೆದರೆ ಹೊಟ್ಟೆ ಚುರ್ ಅನ್ನುತ್ತೆ.

ಮೊಳೆ ಎಸೆಯೋಕೆ ಮನಸ್ಸಾಗಲಿಲ್ಲ. ಜೇಬಲ್ಲೇ ಇದೆ.