ಟ್ರೇ ಮೇಷ್ಟ್ರ ಕ್ಲಾಸು

ನಾನು ಓದಿದ ಹೋಟೆಲ್ ತರಬೇತಿ ಸಂಸ್ಥೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನ್ ಬಂದಾಗ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಟ್ರೇ ಮೇಷ್ಟ್ರ ಬಗ್ಗೆ ಬರೆಯುತ್ತೇನೆ ಎಂದೆ. ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ನಿಜವಾದ ಹೆಸರು ಹೇಳಿದರೆ ನಮ್ಮ ಬ್ಯಾಚಿನ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಟ್ರೇ ಮೇಷ್ಟ್ರು ಅಂದರೆ ಮಾತ್ರ ಇವತ್ತಿಗೂ ಎಲ್ಲರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಾನು 1998ರ ಬ್ಯಾಚ್. ಎಫ್ ಅಂಡ್ ಬಿ ಸರ್ವೀಸ್, ಅಂದರೆ ಹೋಟೆಲಿನಲ್ಲಿ ಊಟ, ಪಾನೀಯ ಬಡಿಸುವ ಕೆಲಸದ ಸರ್ಟಿಫಿಕೇಟ್ ಕೋರ್ಸ್. ನಾಗಮಂಗಲದ ಕಡೆಯ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಬಂದವನು. ಊರಲ್ಲಿ ಯಾರಿಗೂ ಇದು ಓದು ಅನ್ನಿಸಲಿಲ್ಲ. "ಎಂಜಲು ತಟ್ಟೆ ಎತ್ತೋದಕ್ಕೂ ಓದ್ಬೇಕೇನಪ್ಪಾ?" ಎಂದು ಚಿಕ್ಕಪ್ಪ ಕೇಳಿದರು. ಅವ್ವ ಯಾರಿಗೂ ಉತ್ತರ ಕೊಡಲಿಲ್ಲ. ಬಿಳಿ ಅಂಗಿಗೆ ನೀಲಿ ಹಾಕಿ, ಒಣಗಿಸಿ, ಮಡಿಸಿ ನನ್ನ ಬ್ಯಾಗಿಗಿಟ್ಟಳು.

ಚಿಕ್ಕಪ್ಪ ಆಡಿದ ಮಾತು ಎಲ್ಲರ ಮನೆಯಲ್ಲೂ ಬಂದಿರುತ್ತದೆ ಅಂತ ಮೇಷ್ಟ್ರಿಗೆ ಗೊತ್ತಿತ್ತು ಅನ್ನಿಸುತ್ತದೆ. ಮೊದಲ ದಿನ ಅವರು ಬೋರ್ಡಿನ ಹತ್ತಿರ ಹೋಗಲೇ ಇಲ್ಲ. ಟ್ರೈನಿಂಗ್ ರೆಸ್ಟೋರೆಂಟಿನಲ್ಲಿ ನಮ್ಮನ್ನೆಲ್ಲ ಗೆಸ್ಟುಗಳ ಹಾಗೆ ಕೂರಿಸಿದರು. ತಾವೇ ನೀರು ಹಾಕಿದರು, ತಾವೇ ಬಡಿಸಿದರು. ಊಟ ಆದ ಮೇಲೆ ತಟ್ಟೆಗಳನ್ನೂ ತಾವೇ ತೆಗೆದರು. ಬಲಗಡೆಯಿಂದ ಬಂದು, ಒಂದೊಂದೇ ತಟ್ಟೆ ಎಡಗೈಗೆ ಏರಿಸಿ, ಮಿಕ್ಕಿದ್ದನ್ನೆಲ್ಲ ಫೋರ್ಕಿನಿಂದ ಒಂದೇ ತಟ್ಟೆಗೆ ಸರಿಸಿದರು. ಒಂದು ಚಮಚದ ಸದ್ದೂ ಬರಲಿಲ್ಲ. ವಯಸ್ಸಾದ ಮೇಷ್ಟ್ರು ಹುಡುಗರ ಎಂಜಲು ಎತ್ತುವುದನ್ನು ನಮ್ಮಲ್ಲಿ ಯಾರು ಕಂಡಿದ್ದರು? ಎಲ್ಲರೂ ತಲೆ ತಗ್ಗಿಸಿ ಕೂತಿದ್ದೆವು. "ನಾಳೆಯಿಂದ ನಿಮ್ಮ ಸರದಿ" ಎಂದು ಹೇಳಿ ಕೈ ತೊಳೆಯಲು ಹೋದರು. ಆಮೇಲೆ ನಮ್ಮ ಬ್ಯಾಚಿನಲ್ಲಿ ತಟ್ಟೆ ಮುಟ್ಟಲು ಹಿಂದೆಮುಂದೆ ನೋಡಿದವರಿಲ್ಲ.

ಹೈಜೀನ್ ಮೇಡಂ ಅವರನ್ನೂ ನೆನೆಯಬೇಕು. ಬೆಳಿಗ್ಗೆ ಬಾಗಿಲಲ್ಲೇ ನಿಂತು ಉಗುರು, ಗಡ್ಡ, ಶೂ ನೋಡಿ ಒಳಗೆ ಬಿಡುತ್ತಿದ್ದರು. ಬೆರಳಲ್ಲಿ ಉಂಗುರ ಇದ್ದರೆ ವಾಪಸ್. ತಣ್ಣಗಿನದು ಐದು ಡಿಗ್ರಿಯ ಕೆಳಗೆ, ಬಿಸಿಯದು ಅರವತ್ತರ ಮೇಲೆ ಇರಬೇಕು ಎಂದು ಅವರು ಹೇಳಿಸಿದ್ದು ಬಾಯಿಪಾಠವಾಗಿ ಉಳಿದಿದೆ. ಪುಸ್ತಕದಲ್ಲಿ ಓದಿದ ಬೇರೇನೂ ನೆನಪಿಲ್ಲ ನೋಡಿ! ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿ ನೋಡಿ ಬಂದು, ತಮ್ಮಲ್ಲಿ ತಟ್ಟೆ ಲೋಟಗಳನ್ನು ಸ್ಟೆರಿಲೈಸ್ ಮಾಡುವ ಪದ್ಧತಿ ತಂದ ಕತೆಯನ್ನು ಮೇಡಂ ಆಗಾಗ ಹೇಳುತ್ತಿದ್ದರು. ಬಂದವರು ಅಡುಗೆಮನೆಯನ್ನೂ ನೋಡಬಹುದಿತ್ತಂತೆ. "ನಿಮ್ಮ ಅಡುಗೆಮನೆ ತೋರಿಸೋ ಧೈರ್ಯ ನಿಮಗಿದೆಯಾ?" ಎಂದು ಕೇಳುವರು.

ಇನ್ನು ಆಲೂಗಡ್ಡೆಯ ವಿಷಯ. ಸಿಲ್ವರ್ ಸರ್ವೀಸ್ ಎಂದರೆ ಸ್ಪೂನು, ಫೋರ್ಕು ಎರಡನ್ನೂ ಒಂದೇ ಕೈಯಲ್ಲಿ ಇಕ್ಕಳದ ಹಾಗೆ ಹಿಡಿದು, ಗೆಸ್ಟಿನ ಎಡಗಡೆಯಿಂದ ಬಡಿಸಬೇಕು. ಹೊಸಬರ ಬೆರಳು ನಡುಗುತ್ತದೆ. ಅಭ್ಯಾಸಕ್ಕೆ ಮೇಷ್ಟ್ರು ಬೇಯಿಸಿದ ಸಣ್ಣ ಆಲೂಗಡ್ಡೆ ತರಿಸುತ್ತಿದ್ದರು. ಒಂದು ಮಧ್ಯಾಹ್ನ ಅವರಿಗೆ ಆಫೀಸಿನಿಂದ ಕರೆ ಬಂತು. ಕೋಲಾರದ ಗೆಳೆಯನ ಬ್ಯಾಗಿನಲ್ಲಿ ಕಡ್ಲೆಕಾಯಿ ಚಟ್ನಿಪುಡಿ ಇತ್ತು. ನಮಗೆ ಹಸಿವು ಇತ್ತು. ನಾನೇ ಸ್ಟೂವರ್ಡ್ ಆದೆ. ಎಲ್ಲರೂ ಮಡಿಲಿಗೆ ನ್ಯಾಪ್‌ಕಿನ್ ಹಾಸಿಕೊಂಡು ಕೂತರು. ಒಬ್ಬೊಬ್ಬರ ಎಡಗಡೆ ಬಗ್ಗಿ ಆಲೂಗಡ್ಡೆ ಬಡಿಸಿದೆ, ಚಟ್ನಿಪುಡಿಯನ್ನೂ ಸ್ಪೂನಿನಲ್ಲೇ ಹಾಕಿದೆ. ಪಾಠವೆಲ್ಲ ಹೊಟ್ಟೆ ಸೇರಿತು. ಕೊನೆಯ ತಟ್ಟೆ ಮುಗಿಯುವಾಗ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. "ತೋರುಬೆರಳು ಇನ್ನೂ ಸ್ವಲ್ಪ ಒಳಗೆ ಬರ್ಲಿ ಮರಿ" ಎಂದರು. ಅಷ್ಟೇ.

ಮಾರನೇ ದಿನ ಒಂದು ಚೀಲ ತಂದು ಟೇಬಲ್ ಮೇಲೆ ಸುರಿದರು. ಗಾಜಿನ ಗೋಲಿಗಳು! "ಇವನ್ನ ತಿಂದು ತೋರ್ಸಿ, ನೋಡೋಣ." ಗೋಲಿ ಸ್ಪೂನಿನಿಂದ ಜಾರಿ ಕುರ್ಚಿ ಕೆಳಗೆ, ಸೈಡ್‌ಬೋರ್ಡ್ ಕೆಳಗೆ ಉರುಳುವುದು. ನಾವು ಮಂಡಿಯೂರಿ ಹುಡುಕುವುದು. ಮೇಷ್ಟ್ರು ಕಿಟಕಿ ಪಕ್ಕ ಕೂತು ಪೇಪರ್ ಓದುವುದು. ದಿನಗಳು ಹೋದ ಹಾಗೆ ಗೋಲಿ ಬೀಳುವ ಸದ್ದು ಕಡಿಮೆಯಾಯಿತು. ಆಮೇಲೆ ಹಸಿ ಬಟಾಣಿ ಕೊಟ್ಟರೂ ನಮಗೆ ಲೆಕ್ಕಕ್ಕಿರಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಎಗ್ಸಾಮಿನರ್, ಉಳಿದವರು ನೋಡಲಿ ಎಂದು ನನ್ನಿಂದ ಇನ್ನೊಂದು ಸಲ ಬಡಿಸಿಸಿದರು. ಇವತ್ತು ನಮ್ಮ ರೆಸ್ಟೋರೆಂಟಿಗೆ ದೊಡ್ಡ ದೊಡ್ಡವರು ಬಂದು ಮ್ಯಾನೇಜರ್ ಆದ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಆ ಕೈ ಪಳಗಿದ್ದು ಗೋಲಿಗಳಲ್ಲಿ.

ಮೇಷ್ಟ್ರು ನಮ್ಮ ಪರವಾಗಿ ನಿಂತಿದ್ದನ್ನೂ ಹೇಳಲೇಬೇಕು. ಟ್ರೈನಿಂಗಿಗೆ ಎಂದು ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆವು. ಅಲ್ಲಿ ಬೆಳಗಿನಿಂದ ಸಂಜೆವರೆಗೆ ಬ್ಯಾಂಕ್ವೆಟ್ ಹಾಲಿನ ಕುರ್ಚಿ ಹೊರಿಸುತ್ತಿದ್ದರು. ಗೆಸ್ಟಿನ ಮುಖವನ್ನೇ ನೋಡಲಿಲ್ಲ. ಯಾರು ಹೇಳಿದರೋ, ಒಂದು ದಿನ ಮೇಷ್ಟ್ರು ಬಿಎಂಟಿಸಿ ಬಸ್ಸಿನಲ್ಲಿ ಬಂದಿಳಿದರು. "ಕುರ್ಚಿ ಹೊರೋದನ್ನ ಒಂದಿನದಲ್ಲಿ ಕಲೀತಾರೆ ಸರ್. ನನ್ನ ಮಕ್ಕಳು ಫ್ಲೋರ್ ಕಲಿಯೋಕೆ ಬಂದಿದ್ದಾರೆ" ಎಂದು ಅಲ್ಲಿನ ಮ್ಯಾನೇಜರಿಗೆ ಎಲ್ಲರೆದುರೇ ಹೇಳಿದರು. ಫ್ಲೋರ್ ಅಂದರೆ ಗೆಸ್ಟುಗಳಿಗೆ ಬಡಿಸುವ ಜಾಗ. ಮಾರನೇ ದಿನದಿಂದ ನಾವು ಫ್ಲೋರಿನಲ್ಲಿದ್ದೆವು.

ಈಗ ನನ್ನ ಹತ್ತಿರ ಕೆಲಸ ಕೇಳಿಕೊಂಡು ಹುಡುಗ ಹುಡುಗಿಯರು ಬರುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಶುರುಮಾಡಿದ ಹುನರ್ ಸೇ ರೋಜ್‌ಗಾರ್ ತಕ್ ಯೋಜನೆಯಲ್ಲಿ ಎಂಟನೇ ಕ್ಲಾಸ್ ಓದಿದವರಿಗೂ ಸರ್ವೀಸ್ ತರಬೇತಿ ಸಿಕ್ಕಿತು. ಫೀಸಿಲ್ಲ. ನನ್ನಂಥ ಮನೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ವಾರ ಸಾಕಾ? ಬೆರಳಿಗೆ ಅಷ್ಟರಲ್ಲಿ ಅಭ್ಯಾಸ ಕೂರುವುದಿಲ್ಲ. ಉದ್ದದ ಕೋರ್ಸು ಮಾಡಿ ಬಂದವರದ್ದೂ ಬೇರೆ ಕಷ್ಟ. ಸ್ಲೈಡು ನೋಡಿ ಕಲಿತಿರುತ್ತಾರೆ. ಚಾಕುವಿನ ಹರಿತ ಯಾವ ಕಡೆ ಎಂದು ಕೇಳಿದರೆ ಸರಿಯಾಗಿ ಹೇಳುತ್ತಾರೆ, ಟೇಬಲ್ ಮೇಲೆ ಇಡುವಾಗ ಹೊರಗಡೆ ಇಡುತ್ತಾರೆ. ಕೆಓಟಿಯನ್ನು, ಅಂದರೆ ಕಿಚನ್ನಿಗೆ ಕಳಿಸುವ ಆರ್ಡರ್ ಚೀಟಿಯನ್ನು, ನಾವು ಕಾರ್ಬನ್ ಇಟ್ಟು ಬರೆಯುತ್ತಿದ್ದೆವು. ಈಗ ಟ್ಯಾಬಿನಲ್ಲಿ ಒತ್ತಿದರೆ ಕಿಚನ್ನಿಗೆ ಹೋಗುತ್ತದೆ, ಒಳ್ಳೆಯದೇ. ಮಕ್ಕಳ ಕಣ್ಣು ಮಾತ್ರ ಟ್ಯಾಬಿನಿಂದ ಮೇಲೆ ಏಳುವುದಿಲ್ಲ. ನೀರಿನ ಗ್ಲಾಸ್ ಖಾಲಿ ಇದೆ, ಅಜ್ಜಿಗೆ ಫೋರ್ಕು ಹಿಡಿಯಲು ಆಗುತ್ತಿಲ್ಲ, ಮಗು ಅಳುವ ಹಾಗಿದೆ. ಇದನ್ನು ನೋಡುವುದೇ ನಮ್ಮ ಕೆಲಸ ಅಲ್ವಾ? ಗೆಸ್ಟ್ ಕೈ ಎತ್ತಿ ಕರೆದರೆ ಮೇಷ್ಟ್ರು ನಮ್ಮ ಒಂದು ಮಾರ್ಕು ಕಳೆಯುತ್ತಿದ್ದರು. ಕರೆಯುವ ಮೊದಲೇ ನಾವು ಅಲ್ಲಿರಬೇಕಿತ್ತು.

ಪ್ರಾಂಶುಪಾಲರಲ್ಲಿ ಒಂದು ಮನವಿ. ಟ್ರೈನಿಂಗ್ ರೆಸ್ಟೋರೆಂಟಿನಲ್ಲಿ ಈಗ ಕಂಪ್ಯೂಟರ್ ಇಟ್ಟಿದ್ದಾರೆ ಎಂದು ಕೇಳಿದೆ. ವಾರಕ್ಕೊಂದು ಮಧ್ಯಾಹ್ನವಾದರೂ ಅಲ್ಲಿ ಮತ್ತೆ ಟೇಬಲ್ ಹಾಕಿಸಿ, ಹೊರಗಿನ ಜನರನ್ನು ಊಟಕ್ಕೆ ಕರೆಯಿರಿ. ಸೋಮವಾರ ನಮ್ಮಲ್ಲಿ ಗಿರಾಕಿ ಕಡಿಮೆ, ನಾನು ಬರುತ್ತೇನೆ. ನನ್ನ ಬ್ಯಾಚಿನ ಇನ್ನೂ ಕೆಲವರು ಬರಲು ಒಪ್ಪಿದ್ದಾರೆ. ಸಂಬಳ ಬೇಡ. ನನ್ನ ನಂಬರ್ ಆಫೀಸಿನಲ್ಲಿದೆ.