ದೊಡ್ಡಪ್ಪನ ಹೆಲಿಯೋಸ್‌ಗೆ ಹಿಡಿದ ಬೂಷ್ಟು

ಜೂನ್ 9

ಮಳೆ ಹಿಡಿಯುವ ಮೊದಲು ದೊಡ್ಡಪ್ಪನ ಕಬ್ಬಿಣದ ಟ್ರಂಕ್ ಖಾಲಿ ಮಾಡಬೇಕು ಅಂತ ದೊಡ್ಡಮ್ಮ ಹೇಳಿ ಕಳಿಸಿದ್ದರು. ಜಮೀನಿನ ಕಾಗದ, ಸೊಸೈಟಿ ಪಾಸ್‌ಬುಕ್ಕು, ಎರಡು ಶಾಲು, ತಳದಲ್ಲಿ ಝೆನಿಟ್-ಇ ಕ್ಯಾಮೆರಾ. ದೊಡ್ಡಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಊರಿನ ಮದುವೆ, ಮುಂಜಿ, ಗೃಹಪ್ರವೇಶದ ಕಪ್ಪುಬಿಳುಪು ಫೋಟೋಗಳೆಲ್ಲ ಇದರಲ್ಲೇ ತೆಗೆದದ್ದು. ಚಿಕ್ಕಂದಿನಲ್ಲಿ ಇದನ್ನು ಮುಟ್ಟಲು ನಮಗೆ ಬಿಡುತ್ತಿರಲಿಲ್ಲ.

ಕ್ಯಾಮೆರಾದ ಶಟರ್ ಕಚ್ಚಿಕೊಂಡಿದೆ, ಅದು ಏಳುವಂತೆ ಕಾಣುವುದಿಲ್ಲ. ನನಗೆ ಆಸೆ ಹುಟ್ಟಿದ್ದು ಲೆನ್ಸಿನ ಮೇಲೆ. ಹೆಲಿಯೋಸ್-44-2, ಫೋಕಲ್ ಲೆಂತ್ 58 ಮಿ.ಮೀ., ಅಪರ್ಚರ್ (ಬೆಳಕು ಒಳಬರುವ ಕಂಡಿ) ಎಫ್ 2. ಈ ಎಫ್ ಅಂಕಿ ಸಣ್ಣದಾದಷ್ಟೂ ಕಂಡಿ ದೊಡ್ಡದು. ಮುಂದಿನ ಉಂಗುರದ ಮೇಲೆ ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್ ಕಾರ್ಖಾನೆಯ ಗುರುತು: ಒಂದು ಪ್ರಿಸಂ, ಅದರೊಳಗೆ ಹಾದುಹೋಗುವ ಬೆಳಕಿನ ಗೆರೆ. ಸೀರಿಯಲ್ ನಂಬರು 77ರಿಂದ ಶುರುವಾಗುತ್ತದೆ. ಆ ಕಾಲದ ರಷ್ಯನ್ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಮೊದಲ ಎರಡು ಅಂಕಿ ತಯಾರಾದ ಇಸವಿಯದು. ಅಂದರೆ ಇದು ನನಗಿಂತ ಎಂಟು ವರ್ಷ ದೊಡ್ಡದು.

ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿದೆ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಬಿಳಿ ಎಳೆಗಳು, ಜೇಡರ ಬಲೆಯ ಹಾಗೆ ಕವಲೊಡೆದು ಹಬ್ಬಿವೆ. ಬೂಷ್ಟು. ಸಾಗರದ ಕಡೆಯ ಮಳೆಗೆ ಚರ್ಮದ ಕೇಸಿನಲ್ಲಿ ಮುಚ್ಚಿಟ್ಟರೆ ಇನ್ನೇನಾಗುತ್ತದೆ? ಚರ್ಮ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಅದೇ ಬೇಕಾದದ್ದು.

ದೊಡ್ಡಮ್ಮನೂ ಕಣ್ಣಿಗೆ ಹಿಡಿದು ನೋಡಿದರು. "ತೋಟಕ್ಕೆ ಕೊಳೆ ಬಂದ್ರೆ ಬೋರ್ಡೋ ಹೊಡೀಬಹುದು ಮಾರಾಯ, ಇದಕ್ಕೆಂತ ಹೊಡೀತೀಯ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಕೇಸನ್ನು ಅಲ್ಲೇ ಬಿಟ್ಟು ಲೆನ್ಸನ್ನು ಮಾತ್ರ ಮನೆಗೆ ತಂದೆ.

ಜೂನ್ 16

ಅಡಾಪ್ಟರ್ ಬಂತು. ನನ್ನ ಕ್ಯಾಮೆರಾ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸೋನಿ ಎ7 ಮಾರ್ಕ್ 2. ಒಳಗೆ ಕನ್ನಡಿಯಿಲ್ಲದ ಇಂಥ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹಳೇ ಲೆನ್ಸುಗಳು ಇಷ್ಟು ಸಲೀಸಾಗಿ ಕೂರುವುದಕ್ಕೆ ಕಾರಣ ಬರೀ ಅಳತೆ. ಹೆಲಿಯೋಸ್‌ನದು ಎಂ42 ಸ್ಕ್ರೂ ಮೌಂಟ್: 42 ಮಿ.ಮೀ. ಅಗಲ, ಸುತ್ತಿಗೆ 1 ಮಿ.ಮೀ. ಒಳಸೇರುವ ಥ್ರೆಡ್. ಈ ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ 45.46 ಮಿ.ಮೀ. ದೂರ ಇರಲೇಬೇಕು. ಸೋನಿಯಲ್ಲಿ ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಮಾತ್ರ. ಉಳಿದ 27.46 ಮಿ.ಮೀ. ತುಂಬುವ ಖಾಲಿ ಕೊಳವೆಯೇ ಅಡಾಪ್ಟರ್. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ. ನನ್ನ ಗೆಳೆಯನ ನಿಕಾನ್ ಡಿಎಸ್ಎಲ್ಆರ್‌ನಲ್ಲಿ ಆ ದೂರ 46.5 ಮಿ.ಮೀ. ಒಂದು ಮಿಲಿಮೀಟರ್ ಚಿಲ್ಲರೆ ಹೆಚ್ಚಾದದ್ದಕ್ಕೇ ಅದರಲ್ಲಿ ಈ ಲೆನ್ಸು ಹತ್ತಿರದ್ದನ್ನು ತೋರಿಸುತ್ತದೆ, ದೂರದ ಗುಡ್ಡಕ್ಕೆ ಫೋಕಸ್ ಆಗುವುದೇ ಇಲ್ಲ.

ಲೆನ್ಸ್ ಸಿಕ್ಕಿಸಿ ಬಟನ್ ಒತ್ತಿದರೆ ಕ್ಯಾಮೆರಾ ಸುಮ್ಮನಿತ್ತು. ಅದರ ಲೆಕ್ಕದಲ್ಲಿ ಲೆನ್ಸೇ ಇಲ್ಲ. ಮೆನುವಿನಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್ ಬಿಡು' ಎನ್ನುವ ಆಯ್ಕೆ ಹುಡುಕಿ ಆನ್ ಮಾಡಿದ ಮೇಲೆ ಸರಿಹೋಯಿತು. ನಡುಕ ತಡೆಯುವ ವ್ಯವಸ್ಥೆಗೂ ಫೋಕಲ್ ಲೆಂತ್ ನಾವೇ ಹೇಳಿಕೊಡಬೇಕು, ಇಲ್ಲದಿದ್ದರೆ ಅದು ತಪ್ಪು ಲೆಕ್ಕದಲ್ಲಿ ಸೆನ್ಸರನ್ನು ಅಲುಗಿಸುತ್ತದೆ. ಫೋಟೋದ ಮಾಹಿತಿಯಲ್ಲಿ ಅಪರ್ಚರ್ ದಾಖಲಾಗುವುದಿಲ್ಲ. ಅದಕ್ಕೇ ಈ ನೋಟ್‌ಬುಕ್ಕು.

ಜೂನ್ 17

ಇಕ್ಕೇರಿ. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪ. ಮೋಡದ ಬಿಳಿ ಆಕಾಶ ಹಿಂದೆ ಬರುವಂತೆ ಒಳಗಿನಿಂದ ಹೊರಕ್ಕೆ ತೆಗೆದೆ. ಎಫ್ 4, ಐಎಸ್ಒ 200.

ಚಿತ್ರದಲ್ಲಿ ಕಪ್ಪು ಅನ್ನುವುದೇ ಇಲ್ಲ. ಕಂಬದ ನೆರಳು ಬೂದಿಯ ಬಣ್ಣ, ಆಕಾಶದ ಬಿಳುಪು ಕಲ್ಲಿನ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಹರಿದಿದೆ. ಗೆಳೆಯನಿಗೆ ಕಳಿಸಿದೆ. "ಹಳೇ ಲೆನ್ಸ್ ಅಂದ್ರೆ ಹಾಗೇ ಕಣೋ, ಆ ಮಬ್ಬೇ ಅದರ ಚಂದ" ಅಂದ. ನನಗೆ ಒಪ್ಪಿಗೆಯಾಗಲಿಲ್ಲ. ದೊಡ್ಡಪ್ಪ ತೆಗೆದ ಫೋಟೋಗಳು ಮನೆಯಲ್ಲಿವೆ. ಅಜ್ಜನ ಕೋಟಿನ ಕಪ್ಪು ಕಪ್ಪಾಗಿದೆ, ಗುಂಡಿಗಳನ್ನು ಎಣಿಸಬಹುದು. ಇದೇ ಲೆನ್ಸಿನಲ್ಲಿ ತೆಗೆದದ್ದು ಅವು. ಹಾಗಾದರೆ ಈ ಮಬ್ಬು ಲೆನ್ಸಿನದಲ್ಲ, ಅದಕ್ಕೆ ಹತ್ತಿದ ಕೊಳೆಯದು.

ಜೂನ್ 30

ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಹೋಗಿ ತೋರಿಸಿದೆ. ಅವರು ಲೆನ್ಸನ್ನು ಬೆಳಕಿಗೆ ಕೂಡ ಹಿಡಿಯಲಿಲ್ಲ. ಬಿಚ್ಚುವ ಕೂಲಿಗೆ ಬೇರೆ ಲೆನ್ಸೇ ಬರುತ್ತದೆ, ಎಸೆಯಿರಿ ಅಂದರು. ದುಡ್ಡಿನ ಲೆಕ್ಕದಲ್ಲಿ ಅವರ ಮಾತು ಸರಿಯೇ ಇರಬಹುದು. ಹೆಲಿಯೋಸ್-44 ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ಲೆನ್ಸುಗಳ ಸಾಲಿನದು, ಅಪರೂಪದ್ದೇನಲ್ಲ. ಆದರೆ ಹಣೆಬರಹ ಹೇಳುವ ಮೊದಲು ಒಮ್ಮೆ ಒಳಗೆ ನೋಡಬಹುದಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನಾನೇ ಬಿಚ್ಚುತ್ತೇನೆ ಅಂತ ತೀರ್ಮಾನಿಸಿದೆ. ಲೆನ್ಸ್ ಸ್ಪ್ಯಾನರ್, ವಾಚ್ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸೆಟ್ಟು, ರಬ್ಬರ್ ಬಿರಡೆ, ಹೆಲಿಕಾಯ್ಡಿಗೆ (ಫೋಕಸ್ ಮಾಡುವಾಗ ಗಾಜನ್ನು ಹಿಂದೆ ಮುಂದೆ ಸರಿಸುವ ಥ್ರೆಡ್ ಕೊಳವೆಗಳಿಗೆ) ಹಚ್ಚುವ ಗ್ರೀಸ್ ತರಿಸಿದ್ದೇನೆ.

ಜುಲೈ 7

ಕರೆಂಟ್ ಇದ್ದ ಎರಡು ಗಂಟೆಯಲ್ಲಿ ಬಿಚ್ಚಿದೆ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿದ್ದೆ. ಇದರ ಸಣ್ಣ ಸ್ಕ್ರೂಗಳು ಸಾಸಿವೆ ಕಾಳಿಗಿಂತ ದೊಡ್ಡವಲ್ಲ, ಬಣ್ಣದ ನೆಲಕ್ಕೆ ಬಿದ್ದರೆ ಸಿಕ್ಕಿದ ಹಾಗೆಯೇ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಹೋದೆ.

ಈ ಲೆನ್ಸಿನ ಮೂಲ ವಿನ್ಯಾಸ ಜರ್ಮನಿಯ ಯೇನಾದ ಝೈಸ್ ಕಂಪನಿಯ ಬಯೋಟಾರ್, 1930ರ ದಶಕದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಕಡೆಗೆ ಹೋಗಿ ಹೆಲಿಯೋಸ್ ಆಯಿತು. ಆರು ಗಾಜು, ನಾಲ್ಕು ಗುಂಪು. ಅಪರ್ಚರ್‌ನ ಎಂಟು ಎಲೆಗಳ ಆಚೆಗೊಂದು ಈಚೆಗೊಂದು ಜೋಡಿಗಾಜು, ಒಂದಕ್ಕೊಂದು ಅಂಟಿಸಿದ್ದು. ನನಗಿದ್ದ ಹೆದರಿಕೆ ಅದೇ. ಆ ಅಂಟಿನೊಳಗೆ ಬೂಷ್ಟು ಇಳಿದಿದ್ದರೆ ಮನೆಯಲ್ಲಿ ಕೂತು ಮಾಡುವಂಥದ್ದೇನೂ ಉಳಿಯುತ್ತಿರಲಿಲ್ಲ.

ಪುಣ್ಯಕ್ಕೆ ಇಳಿದಿಲ್ಲ. ಅಪರ್ಚರ್‌ನ ಹಿಂದಿನ ಗಾಜಿನ ಮೇಲ್ಮೈಯಲ್ಲಿ ಹಬ್ಬಿದೆ, ಮುಂದಿನ ಗಾಜಿನ ಒಳಮೈಯಲ್ಲಿ ಸ್ವಲ್ಪ. ಅದಲ್ಲದೆ ಎಲ್ಲ ಗಾಜಿನ ಮೇಲೂ ತೆಳ್ಳಗೆ ಎಣ್ಣೆಯ ಆವಿ ಕೂತಂಥ ಪೊರೆ. ಹಳೇ ಗ್ರೀಸಿನ ಎಣ್ಣೆ ಬಿಸಿಲಿಗೆ ಕಾದು ಆವಿಯಾಗಿ ಗಾಜಿಗೆ ಅಂಟುತ್ತದೆ. ಎಳೆ ಎಳೆಯಾಗಿ ಕಾಣುವ ಬೂಷ್ಟಿಗಿಂತ ಈ ಪೊರೆಯೇ ಚಿತ್ರವನ್ನು ಹೆಚ್ಚು ಹಾಳು ಮಾಡಿದ್ದು ಅಂತ ನನ್ನ ಅನುಮಾನ.

ಜುಲೈ 8

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್, ಅದರಷ್ಟೇ ಅಮೋನಿಯಾ. ಕಿಟಕಿ ತೆರೆದಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡು, ಮೆತ್ತನೆಯ ಟಿಶ್ಯೂ ಅದ್ದಿ ಗಾಜಿನ ಮೇಲೆ ಐದು ನಿಮಿಷ ಬಿಟ್ಟೆ. ಆಮೇಲೆ ಒತ್ತದೆ, ನಡುವಿನಿಂದ ಅಂಚಿಗೆ ಒಂದೇ ಸುತ್ತು. ಒರೆಸಿದ ಟಿಶ್ಯೂ ಮತ್ತೆ ಮುಟ್ಟಿಸಲಿಲ್ಲ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್.

ಎಳೆಗಳು ಹೋದವು. ಒಂದು ಕಡೆ ಮಾತ್ರ ಉಳಿದಿದೆ. ಗಾಜನ್ನು ಓರೆಯಾಗಿ ಹಿಡಿದರೆ, ಬೆಳಕಿನ ಪ್ರತಿಫಲನ ತಡೆಯಲು ಬಳಿದ ನೇರಳೆ ಕೋಟಿಂಗಿನ ನಡುವೆ, ಅಂಚಿನ ಹತ್ತಿರ, ಗಸಗಸೆ ಚೆಲ್ಲಿದ ಹಾಗೆ ಐದಾರು ಬಣ್ಣವಿಲ್ಲದ ಚುಕ್ಕಿ. ಬೂಷ್ಟು ಬಿಡುವ ಆಮ್ಲ ಅಷ್ಟು ಜಾಗದ ಕೋಟಿಂಗ್ ತಿಂದುಹಾಕಿದೆ. ಅದಕ್ಕೆ ಮದ್ದಿಲ್ಲ.

ಜುಲೈ 21

ಎರಡು ವಾರ ತಿಂದದ್ದು ಗ್ರೀಸಿನ ಕೆಲಸ. ಫೋಕಸ್ ರಿಂಗು ತಿರುಗಿಸಿದರೆ ಹಳೇ ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದಂತಿತ್ತು. ಒಳಗಿನ ಹೆಲಿಕಾಯ್ಡನ್ನು ಪೂರ್ತಿ ಬೇರ್ಪಡಿಸಿ ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಬಿಚ್ಚುವ ಹೊತ್ತಿನಲ್ಲಿ ಎರಡೂ ಕೊಳವೆ ಕಳಚಿಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಸೀಮೆಎಣ್ಣೆ ಆ ಗೆರೆಯನ್ನೂ ತೊಳೆದುಬಿಟ್ಟಿತು. ಮೊನೆಯಿಂದ ಸಣ್ಣಗೆ ಗೀರಬೇಕಿತ್ತು.

ಇದರ ಥ್ರೆಡ್‌ಗೆ ಸುತ್ತು ಶುರುವಾಗುವ ಬಾಯಿ ಒಂದೇ ಅಲ್ಲ, ಹಲವು. ತಪ್ಪು ಬಾಯಿಗೆ ಹತ್ತಿಸಿದರೂ ನುಣ್ಣಗೆ ತಿರುಗುತ್ತದೆ, ಆದರೆ ಅನಂತಕ್ಕೆ, ಅಂದರೆ ತೀರಾ ದೂರದ್ದಕ್ಕೆ, ಫೋಕಸ್ ಬರುವುದಿಲ್ಲ. ಹತ್ತಿಸಿದೆ, ಕ್ಯಾಮೆರಾಕ್ಕೆ ಹಾಕಿದೆ, ಎದುರು ಗುಡ್ಡದ ಮೊಬೈಲ್ ಟವರ್ ನೋಡಿದೆ, ಬಿಚ್ಚಿದೆ. ಆ ಟವರೂ ಮಳೆ ಬಿಟ್ಟ ಹತ್ತು ನಿಮಿಷ ಮಾತ್ರ ಕಾಣುತ್ತದೆ. ಐದನೇ ಸಲಕ್ಕೆ ಟವರಿನ ಅಡ್ಡಪಟ್ಟಿಗಳು ಕತ್ತರಿಸಿದಂತೆ ನಿಂತವು. ಈಗ ರಿಂಗು ಒಂದೇ ಬೆರಳಿಗೆ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ.

ಜುಲೈ 22

ಲೆನ್ಸಿಗೆ ಹೊಸ ಮನೆ: ರಬ್ಬರ್ ಅಂಚಿನ ಬಿಗಿ ಡಬ್ಬಿ, ಸಿಲಿಕಾ ಜೆಲ್, ತೇವಾಂಶದ ಮೀಟರು. ಹೊರಗೆ ಮೀಟರು 93 ತೋರಿಸುತ್ತದೆ, ಡಬ್ಬಿಯೊಳಗೆ 46. ಜೆಲ್ ಕಿತ್ತಳೆಯಿಂದ ಹಸಿರಿಗೆ ತಿರುಗಿದರೆ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಒಣಗಿಸಬೇಕು. ಮಲೆನಾಡಿನಲ್ಲಿ ಲೆನ್ಸ್ ಇಟ್ಟುಕೊಂಡವರು ಬೇರೇನು ಮಾಡದಿದ್ದರೂ ಇದೊಂದು ಮಾಡಿ, ಚರ್ಮದ ಕೇಸಿನಿಂದ ಮೊದಲು ಹೊರಗೆ ತೆಗೆಯಿರಿ.

ಆಗಸ್ಟ್ 4

ಮತ್ತೆ ಇಕ್ಕೇರಿ, ಅದೇ ಕಂಬ, ಅದೇ ಎಫ್ 4, ಅಂಥದೇ ಮೋಡ. ಎರಡೂ ಚಿತ್ರ ಅಕ್ಕಪಕ್ಕ ತೆರೆದಿಟ್ಟುಕೊಂಡೆ. ಕಂಬದ ನೆರಳು ಕಪ್ಪಾಗಿದೆ. ನಂದಿಯ ಕೊರಳಿನ ಗೆಜ್ಜೆಸರದ ಒಂದೊಂದು ಗೆಜ್ಜೆಯೂ ಬಿಡಿಬಿಡಿಯಾಗಿದೆ. ಅಂಚಿನ ಚುಕ್ಕಿಗಳ ಗುರುತು ಚಿತ್ರದಲ್ಲಿ ಎಲ್ಲೂ ಇಲ್ಲ. ಗೆಳೆಯನಿಗೆ ಎರಡನ್ನೂ ಕಳಿಸಿದೆ. ಅವನು ತನ್ನ ಅಪ್ಪನ ಹಳೇ ಲೆನ್ಸನ್ನು ಟಾರ್ಚಿಗೆ ಹಿಡಿದು ಫೋಟೋ ಕಳಿಸಿದ, ಒಳಗೆ ಅದೇ ಪೊರೆ.

ಆಕಾಶ ಚೌಕಟ್ಟಿನೊಳಗೆ ನೇರ ಬಂದರೆ ಈಗಲೂ ಚಿತ್ರ ಸ್ವಲ್ಪ ಮಬ್ಬಾಗುತ್ತದೆ. ಅದು ಮಾತ್ರ ನಿಜವಾಗಿ ಲೆನ್ಸಿನ ಸ್ವಭಾವ, ಒಂದೇ ಪದರದ ಕೋಟಿಂಗು. ಅಡ್ಡ ಬೆಳಕು ತಡೆಯುವ 49 ಮಿ.ಮೀ. ರಬ್ಬರ್ ಹುಡ್ ಹಾಕಿದ ಮೇಲೆ ಬಹಳಷ್ಟು ಹಿಡಿತಕ್ಕೆ ಬಂತು.

ಸೆಪ್ಟೆಂಬರ್ 14

ಫೋಕಸ್ ಅಭ್ಯಾಸ. ಕ್ಯಾಮೆರಾದಲ್ಲಿ ಪೀಕಿಂಗ್ ಎನ್ನುವ ಆಯ್ಕೆ ಹಾಕಿಕೊಂಡರೆ ಫೋಕಸ್ ಆದ ಅಂಚುಗಳು ಕೆಂಪಾಗಿ ಮಿನುಗುತ್ತವೆ. ಎಫ್ 5.6ರಲ್ಲಿ ಅದನ್ನು ನಂಬಬಹುದು. ಎಫ್ 2ರಲ್ಲಿ ನಂಬಿ ನಲವತ್ತು ಚಿತ್ರ ಕಳೆದುಕೊಂಡೆ. ಒಂದು ಮೀಟರ್ ದೂರದಲ್ಲಿ, ಎಫ್ 2ಕ್ಕೆ, ಸ್ಪಷ್ಟವಾಗಿ ಬರುವ ಆಳ ಸುಮಾರು ಮೂರೂವರೆ ಸೆಂಟಿಮೀಟರ್. ಅರ್ಧ ಮೀಟರಿಗೆ ಹೋದರೆ ಒಂದು ಸೆಂಟಿಮೀಟರೂ ಇಲ್ಲ. ಕನ್ನಡಕದ ಫ್ರೇಮು ಕೆಂಪಗೆ ಮಿನುಗುತ್ತದೆ, ಕಣ್ಣು ಹಿಂದೆ ಮಸುಕಾಗಿರುತ್ತದೆ. ಈಗ ಮಾಡುವುದು ಹೀಗೆ: ವ್ಯೂಫೈಂಡರಿನಲ್ಲಿ ಹಿಗ್ಗಿಸಿ ನೋಡಿ ರಿಂಗು ಒಂದು ಕಡೆ ನಿಲ್ಲಿಸುವುದು, ಆಮೇಲೆ ರಿಂಗು ಮುಟ್ಟದೆ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ, ರೆಪ್ಪೆ ಕಂಡಾಗ ಒತ್ತುವುದು.

ಈ ಲೆನ್ಸಿನ ಪ್ರಿಸೆಟ್ ವ್ಯವಸ್ಥೆ ನನಗೆ ತುಂಬಾ ಹಿಡಿಸಿತು. ಅಪರ್ಚರ್‌ಗೆ ಎರಡು ಉಂಗುರ. ಒಂದರಲ್ಲಿ ಎಫ್ 4 ಅಂತ ಮೊದಲೇ ಗೊತ್ತುಮಾಡಿಡಬಹುದು, ಇನ್ನೊಂದನ್ನು ಪೂರ್ತಿ ತೆರೆದು ಫೋಕಸ್ ಮಾಡಿ ತಿರುಗಿಸಿದರೆ ಗೊತ್ತುಮಾಡಿದಲ್ಲಿಗೆ ಬಂದು ನಿಲ್ಲುತ್ತದೆ. ಕಣ್ಣು ತೆಗೆಯುವ ಕೆಲಸವಿಲ್ಲ.

ಅಕ್ಟೋಬರ್ 12

ತೋಟದಲ್ಲಿ ಬಿಸಿಲು ಬಿದ್ದಿತು, ತಿಂಗಳುಗಳ ಮೇಲೆ. ಹೆಲಿಯೋಸ್ ಅಂದರೆ ಎಲ್ಲರೂ ಹೇಳುವ ಆ ಸುಳಿ ನೋಡಲು ಅಡಿಕೆ ತೋಟದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಸೋಗೆಗಳ ಸಂದಿಯಿಂದ ಇಳಿಯುವ ಸಾವಿರ ಚುಕ್ಕಿ ಬೆಳಕು. ಕಾಳುಮೆಣಸಿನ ಬಳ್ಳಿಯ ಒಂದು ಎಲೆಗೆ ಎಫ್ 2ರಲ್ಲಿ ಫೋಕಸ್ ಮಾಡಿದರೆ ಹಿಂದಿನ ಚುಕ್ಕಿಗಳು ನಡುವಿನಲ್ಲಿ ದುಂಡಗೆ, ಅಂಚಿಗೆ ಹೋದಂತೆ ಬಾದಾಮಿಯ ಹಾಗೆ ಚಪ್ಪಟೆಯಾಗಿ, ಎಲ್ಲವೂ ನಡುವನ್ನು ಸುತ್ತುವರಿದು ನಿಂತಿವೆ. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಅಂಚುಗಳೇ ಕತ್ತರಿಸುವುದು ಇದಕ್ಕೆ ದೊಡ್ಡ ಕಾರಣ. ಎಫ್ 4ಕ್ಕೆ ಇಳಿಸಿದರೆ ಸುಳಿ ಕರಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅಂಚುಗಳೇ ಬರುವುದಿಲ್ಲವಾದ್ದರಿಂದ ಅಷ್ಟಾಗಿ ಕಾಣುವುದಿಲ್ಲ. ಲೆನ್ಸ್ ಶುಚಿಯಾಗುವ ಮೊದಲು ತೆಗೆದ ಚಿತ್ರಗಳಲ್ಲಿ ಈ ಚುಕ್ಕಿಗಳೆಲ್ಲ ಒಂದಕ್ಕೊಂದು ಹರಡಿಕೊಂಡು ಬಿಳಿ ಮಂಜಾಗಿದ್ದವು.

ನವೆಂಬರ್ 30

ಅಡಿಕೆ ಸುಲಿತ. ಅಂಗಳದಲ್ಲಿ ಬಲ್ಬು, ಹತ್ತು ಜನ ಮೆಟ್ಟುಕತ್ತಿಯ ಮುಂದೆ ಕೂತಿದ್ದರು. ದೊಡ್ಡಮ್ಮ ಎಲ್ಲರಿಗಿಂತ ಬೇಗ ಸುಲಿಯುತ್ತಾರೆ. ಕಾಯಿ ಕತ್ತಿಗೆ ತಾಗಿದ್ದು ಕಾಣುವ ಮೊದಲೇ ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಒಂದು ಮೀಟರ್ ದೂರದಲ್ಲಿ ಮಣೆ ಹಾಕಿಕೊಂಡು ಕೂತೆ. ಎಫ್ 2, 1/125, ಐಎಸ್ಒ 3200. ಕೈಗೆ ಫೋಕಸ್ ಇಟ್ಟು ಕಾದೆ, ಅವರು ಬಾಗಿದಾಗೊಮ್ಮೆ ಮುಖಕ್ಕೆ ತಿರುಗಿಸಿದೆ. ಇಪ್ಪತ್ತಾರರಲ್ಲಿ ಮೂರು ಸರಿಯಾಗಿ ಬಂದವು.

ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಉಗುರಿನ ಸಂದಿಯ ಅಡಿಕೆ ಚೊಗರಿನ ಕಪ್ಪು, ಬಳೆಯ ಮೇಲೆ ಬಲ್ಬಿನ ಹಳದಿ ಗೆರೆ. ದೊಡ್ಡಮ್ಮ ಕೈ ಸೆರಗಿಗೆ ಒರೆಸಿಕೊಂಡು ಚಿತ್ರ ಬಿಟ್ಟು ಲೆನ್ಸನ್ನು ಹಿಡಿದು, ಒಳಗೆ ನೋಡಿದರು. "ಬೂಷ್ಟು ಎಲ್ಲಿ ಹೋಯ್ತು?" ಅಂದರು. ಅಂಚಿನ ಚುಕ್ಕಿಗಳನ್ನು ತೋರಿಸಿದೆ, ಅಷ್ಟು ಮಾತ್ರ ಉಳಿದಿದೆ ಅಂದೆ. "ಇರ್ಲಿ ಬಿಡು" ಅಂದು ಮತ್ತೆ ಕತ್ತಿಯ ಮುಂದೆ ಕೂತರು.

ಮುಂದಿನ ಕೆಲಸ: ಗೆಳೆಯನ ಅಪ್ಪನ ಲೆನ್ಸು ಭಾನುವಾರ ಬರುತ್ತದೆ. ಈ ಸಲ ಹೆಲಿಕಾಯ್ಡ್ ಗುರುತನ್ನು ಮೊನೆಯಲ್ಲೇ ಗೀರುವುದು.